ಕೊರಿಯಾದಲ್ಲಿ ನಮ್ಮ ವಯಸ್ಸು ಕೇಳಿದರು

ಕಾನಹೊಸಹಳ್ಳಿ

ಹೆದ್ದಾರಿಯ ಪಕ್ಕ ಯಾರದೋ ಈರುಳ್ಳಿ ಚೀಲಗಳ ನಡುವೆ ಸೂಟ್‌ಕೇಸ್ ಇಟ್ಟುಕೊಂಡು ಬೆಂಗಳೂರು ಬಸ್ಸಿಗೆ ಕಾಯುತ್ತಿದ್ದೆ. ಮಿರ್ಚಿ ಕರಿಯುತ್ತಿದ್ದವನು ಯಾವ ಊರಿಗೆ ಎಂದು ವಿಚಾರಿಸಿದ. ದಕ್ಷಿಣ ಕೊರಿಯಾಕ್ಕೆ ಎಂದೆ. ಅಲ್ಲೇನು ಕೆಲಸ ಎಂದ. ಅಲ್ಲಿ ಮುದುಕರು ಬಹಳ, ಅವರನ್ನು ಸರ್ಕಾರ ಹೇಗೆ ನೋಡಿಕೊಳ್ಳುತ್ತದೆ ಎಂದು ನೋಡಿ ಬರುವುದಕ್ಕೆ ಎಂದೆ. ಅವನು ಜಾಲರಿಯಿಂದ ಎಣ್ಣೆ ಸೋಸುತ್ತ, "ಮುದುಕರನ್ನ ನೋಡಾಕ ಅಷ್ಟು ದೂರ ಹೋಗ್ಬೇಕೇನ್ರಿ? ಅಗಾ, ಆ ಕಟ್ಟಿ ಮ್ಯಾಲ ಕುಂತಾರ ನೋಡ್ರಿ ಹತ್ತು ಮಂದಿ" ಎಂದ.

ನಾನು ಮೂವತ್ತು ವರ್ಷಗಳಿಂದ ಕೊಟ್ಟೂರಿನಲ್ಲಿ ಒಂದು ಜಿಲ್ಲಾ ಪತ್ರಿಕೆಯ ವರದಿಗಾರ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದು ತಾಲ್ಲೂಕುಗಳಿಗೆ ಹಿರಿಯರ ಆರೈಕೆಯ ಒಂದು ಪ್ರಾಯೋಗಿಕ ಯೋಜನೆ ಬರುವುದಿತ್ತು. ಅದಕ್ಕೆ ಮೊದಲು, ವೇಗವಾಗಿ ಮುಪ್ಪಾಗುತ್ತಿರುವ ಒಂದು ದೇಶವನ್ನು ನೋಡಿ ಬರಲು ನಾಲ್ವರು ಅಧಿಕಾರಿಗಳನ್ನು ಆರಿಸಿದ್ದರು. ವರದಿ ಬರೆಯಲು ಒಬ್ಬ ಬೇಕಿತ್ತು. ಐದನೆಯವನಾಗಿ ನನ್ನನ್ನು ಸೇರಿಸಿಕೊಂಡರು.

ಯೋಜನೆಯ ಕರಡಿನಲ್ಲಿ ಒಂದು ಸಾಲು ನನಗೆ ಬಾಯಿಪಾಠವಾಗಿತ್ತು. ಅರವತ್ತು ದಾಟಿ ಹಾಸಿಗೆ ಹಿಡಿದವರ ಮನೆಗೆ ತರಬೇತಿ ಪಡೆದವರು ವಾರಕ್ಕೆ ಮೂರು ದಿನ ಬಂದು, ಎಬ್ಬಿಸಿ, ನಡೆಸಿ ಹೋಗುತ್ತಾರೆ ಎಂಬ ಸಾಲು. ಕಾರಣ ನಮ್ಮ ಮನೆಯಲ್ಲೇ ಇತ್ತು.

ಹುಲಿಗೆವ್ವ ನನ್ನ ತಾಯಿಯ ತಂಗಿ. ನಾವು ಸಣ್ಣವ್ವ ಎನ್ನುತ್ತೇವೆ. ಉಜ್ಜಿನಿ ರಸ್ತೆಯ ನಮ್ಮೂರಿನ ಶಾಲೆಯಲ್ಲಿ ಇಪ್ಪತ್ತಮೂರು ವರ್ಷಗಳಿಂದ ಬಿಸಿಯೂಟದ ಅಡುಗೆಯವಳು. ಶುರುವಿನಲ್ಲಿ ನಮ್ಮ ಕೇರಿಯವಳು ಮಾಡಿದ ಅನ್ನ ಎಂದು ಕೆಲವರು ಮಕ್ಕಳಿಗೆ ಮನೆಯಿಂದ ಬುತ್ತಿ ಕಟ್ಟುತ್ತಿದ್ದರು. ಆ ಮಕ್ಕಳ ಮಕ್ಕಳು ಈಗ ಅವಳ ಮುಂದೆ ತಟ್ಟೆ ಹಿಡಿದು ನಿಲ್ಲುತ್ತಾರೆ. ಕಳೆದ ಮಾರ್ಚಿನಲ್ಲಿ ಅನ್ನ ಬಸಿಯುವಾಗ ಗಂಜಿಯ ಮೇಲೆ ಕಾಲು ಜಾರಿ ಬಿದ್ದಳು. ತೊಡೆಯ ಮೂಳೆ ಮುರಿಯಿತು. ದಾವಣಗೆರೆಯಲ್ಲಿ ಸಲಾಕೆ ಹಾಕಿದರು. ಡಾಕ್ಟರು ಹೇಳಿದ್ದು ಇಷ್ಟು: ಗೊತ್ತಿದ್ದವರು ಹಿಡಿದು ದಿನಾ ನಡೆಸಬೇಕು, ಆರು ತಿಂಗಳೊಳಗೆ ನಡೆಯದಿದ್ದರೆ ಮತ್ತೆ ನಡೆಯುವುದಿಲ್ಲ. ಅಂಥವರು ಕೊಟ್ಟೂರಿನಲ್ಲಿ ಇರಲಿಲ್ಲ. ಹೊಸಪೇಟೆಯಿಂದ ಒಬ್ಬರು ಎರಡು ಸಲ ಬಂದರು, ಮೂರನೆಯ ಸಲ ದೂರವಾಯಿತು ಎಂದರು. ನಾನೂ ನನ್ನ ಹೆಂಡತಿಯೂ ಎಬ್ಬಿಸಲು ಹೋಗಿ ಒಮ್ಮೆ ಕೆಡವಿದೆವು. ಆಮೇಲೆ ನಾವು ಹತ್ತಿರ ಬಂದರೆ ಮಂಚದ ಪಟ್ಟಿ ಹಿಡಿದುಕೊಂಡು ಕೂಗುತ್ತಿದ್ದಳು.

ನಾನು ಹೊರಟಾಗ ಎರಡು ತಿಂಗಳು ಮುಗಿದಿದ್ದವು. ಸಣ್ಣವ್ವನಿಗೆ ಎಪ್ಪತ್ತಮೂರು. ಎಲ್ಲ ಕಾಗದಗಳಲ್ಲಿ ಐವತ್ತೇಳು. ಅದು ಹೇಗಾಯಿತು ಎಂಬುದನ್ನು ಮುಂದೆ ಹೇಳುತ್ತೇನೆ.

ಇಂಚನ್ ವಿಮಾನ ನಿಲ್ದಾಣ

ನಮ್ಮನ್ನು ಎದುರುಗೊಂಡವಳು ಮಿಂಜಿ ಎಂಬ ದುಭಾಷಿ. ಬಗ್ಗಿ ನಮಸ್ಕರಿಸಿದಳು, ನೀರಿನ ಬಾಟಲಿ ಕೊಟ್ಟಳು, ನಂತರ ಒಬ್ಬೊಬ್ಬರ ವಯಸ್ಸನ್ನೂ ಕೇಳಿದಳು. ಹೆಸರಿಗಿಂತ ಮೊದಲು ವಯಸ್ಸು. ನಮ್ಮ ತಂಡದ ಹಿರಿಯರು ಹರಪನಹಳ್ಳಿ ಕಡೆಯ ಶಿವಮೂರ್ತಪ್ಪನವರು. ಐದೂ ತಾಲ್ಲೂಕುಗಳ ಫಲಾನುಭವಿಗಳ ಪಟ್ಟಿಗೆ ಕೊನೆಯ ಸಹಿ ಅವರದು. ಅವರು ಸ್ವಲ್ಪ ಬಿಗಿಯಾದರು. ನಮ್ಮಲ್ಲಿ ಅಧಿಕಾರಿಯ ಸಂಬಳ ಕೇಳಬಹುದು, ವಯಸ್ಸು ಕೇಳಿದರೆ ನಿವೃತ್ತಿ ಯಾವಾಗ ಎಂದು ಕೇಳಿದಂತೆ.

ಮಿಂಜಿ ವಿವರಿಸಿದಳು. ಅಲ್ಲಿ ವಯಸ್ಸು ತಿಳಿಯದೆ ಮಾತು ಹೊರಡುವುದಿಲ್ಲ. ಎದುರಿನವನು ಒಂದು ವರ್ಷ ದೊಡ್ಡವನಾದರೂ ಕ್ರಿಯಾಪದ ಬೇರೆ, ಬಟ್ಟಲು ಹಿಡಿಯುವ ರೀತಿ ಬೇರೆ. ನಾವು ತಲೆಯ ಬಣ್ಣ ನೋಡಿ ಅಣ್ಣಾರ, ಕಾಕಾರ, ಅಜ್ಜಾರ ಎಂದು ಅಂದಾಜಿನಲ್ಲಿ ಸಾಗಿಸುತ್ತೇವೆ. ಅವರಿಗೆ ಅಂದಾಜು ಸಾಲದು. ಮೊದಲು ಅವರು ಹುಟ್ಟಿದ ದಿನವೇ ಮಗುವಿಗೆ ಒಂದು ವರ್ಷ ಎಂದು ಎಣಿಸುತ್ತಿದ್ದರಂತೆ. ಈಚೆಗೆ ಕಾನೂನು ಬದಲಾಗಿ ಇಡೀ ದೇಶ ಒಂದೆರಡು ವರ್ಷ ಚಿಕ್ಕದಾಯಿತು ಎಂದು ನಕ್ಕಳು.

"ನಮ್ಮ ಕಡೀಗೆ ಕಾನೂನೇ ಬೇಡಮ್ಮ, ಒಂದು ಪೆನ್ನಿದ್ರೆ ಸಾಕು" ಎಂದರು ಶಿವಮೂರ್ತಪ್ಪ. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಮಿಂಜಿ ನಮ್ಮ ಪಾಸ್‌ಪೋರ್ಟಿನ ನಕಲುಗಳನ್ನು ನೋಡುತ್ತ ಒಮ್ಮೆ ಹುಬ್ಬೇರಿಸಿ, ಏನೋ ಗುರುತು ಹಾಕಿಕೊಂಡಳು.

ಜೂನ್ ಒಂದು

ದಕ್ಷಿಣದ ಒಂದು ಗುನ್‌ಗೆ ನಮ್ಮನ್ನು ಕರೆದೊಯ್ದರು. ಗುನ್ ಎಂದರೆ ನಮ್ಮ ತಾಲ್ಲೂಕಿನಂತೆ. ಬೆಳ್ಳುಳ್ಳಿ ಕೀಳುವ ಕಾಲ. ಹೊಲದಲ್ಲಿ ಸಾಲಾಗಿ ಕೂತು ಕೀಳುತ್ತಿದ್ದವರೆಲ್ಲ ಬೇರೆ ದೇಶದಿಂದ ಬಂದ ಕೂಲಿಗಳು. ಬದುವಿನ ಮೇಲೆ ಟೋಪಿ ಹಾಕಿಕೊಂಡು ಕೂತವರು ಹೊಲದ ಒಡೆಯರು, ಒಬ್ಬರೂ ಎಪ್ಪತ್ತೈದಕ್ಕೆ ಕಡಿಮೆ ಇಲ್ಲ.

ಮರುದಿನ ಬೆಳಿಗ್ಗೆ ಊಟದ ಕೋಣೆಯಲ್ಲಿ ಕಚೇರಿಯ ಸಿಬ್ಬಂದಿ ಸಾಲಾಗಿ ನಿಂತು ಚಪ್ಪಾಳೆ ತಟ್ಟಿದರು. ಮೇಜಿನ ಮೇಲೆ ಕೇಕು. ಅದರ ಮೇಲೆ ನಾಲ್ಕು ಹೆಸರು. ನಾಲ್ಕರ ಮುಂದೆಯೂ ಬಿಸಿಯಾದ ಕಡಲಪಾಚಿಯ ಸಾರು. ಹುಟ್ಟುಹಬ್ಬದ ದಿನ ಅಲ್ಲಿ ಕುಡಿಯಲೇಬೇಕಾದ್ದು. ಐವರಲ್ಲಿ ನಾಲ್ವರ ಜನ್ಮದಿನ ಒಂದೇ ತಾರೀಖು ಎಂಬುದು ಅವರಿಗೆ ವಿಸ್ಮಯವಾಗಿತ್ತು. ಇಂಥದು ಎಲ್ಲೂ ಕೇಳಿಲ್ಲ ಎಂದು ಮುಖ್ಯ ಅಧಿಕಾರಿ ಭಾಷಣವನ್ನೇ ಮಾಡಿದರು. ನಾವು ನಾಲ್ವರು ಎದ್ದು ನಿಂತು ಕೈಮುಗಿದೆವು. ಬೇರೇನು ಮಾಡುವುದು?

ಶಿವಮೂರ್ತಪ್ಪನವರು ಕೊರಳಲ್ಲಿ ಲಿಂಗ ಧರಿಸಿದವರು. ಸಾರಿನಲ್ಲಿ ಚಮಚ ಆಡಿಸಿದಾಗ ತಳದಲ್ಲಿ ಚಿಪ್ಪಿನ ಮಾಂಸ ಕಂಡು ಕೈ ಹಿಂತೆಗೆದರು. ಬಟ್ಟಲನ್ನು ಮೆಲ್ಲಗೆ ನನ್ನ ಕಡೆ ಸರಿಸಿ, "ಪೇಪರ್ನೋರೆ, ನಂದೂ ಒಂದು ಹುಟ್ಟುಹಬ್ಬ ನೀವೇ ಮಾಡ್ಕಳ್ರಿ" ಎಂದರು. ನಾನು ಎರಡು ಬಟ್ಟಲು ಕುಡಿದೆ.

ಆಮೇಲೆ ಮಿಂಜಿಗೆ ನಿಜ ಹೇಳಬೇಕಾಯಿತು. ನಮ್ಮ ಕಾಲದಲ್ಲಿ ಹುಟ್ಟಿದ ದಿನವನ್ನು ಯಾರೂ ಬರೆದಿಡುತ್ತಿರಲಿಲ್ಲ. ಮೇಷ್ಟ್ರು ಶಾಲೆಗೆ ಸೇರಿಸಿಕೊಳ್ಳುವಾಗ ಹುಡುಗನ ಕೈಯನ್ನು ತಲೆಯ ಮೇಲಿಂದ ಹಾಯಿಸಿ ಆಚೆ ಕಿವಿ ಮುಟ್ಟಿಸುತ್ತಿದ್ದರು. ಮುಟ್ಟಿದರೆ ವಯಸ್ಸು ಆಯಿತು. ಶಾಲೆ ಶುರುವಾಗುವುದು ಜೂನ್‌ನಲ್ಲಿ, ಆದ್ದರಿಂದ ಎಲ್ಲರೂ ಜೂನ್ ಒಂದರಂದು ಹುಟ್ಟಿದೆವು. ಮಿಂಜಿ, "ಹಾಗಾದರೆ ನಿಮ್ಮ ಯೋಜನೆಯಲ್ಲಿ ಎಷ್ಟು ಜನ ಹಿರಿಯರು ಎಂದು ಹೇಗೆ ಗೊತ್ತಾಗುತ್ತದೆ?" ಎಂದು ಕೇಳಿದಳು. ಶಿವಮೂರ್ತಪ್ಪನವರು ಕಾಗದದ ಮೇಲೆ ಇದೆಯಲ್ಲ ಎಂದರು.

ಸಣ್ಣವ್ವನ ಕಾಗದದಲ್ಲೂ ಜೂನ್ ಒಂದು. ಅಂದು ಅವಳಿಗೆ ಐವತ್ತೆಂಟು ತುಂಬಿತು. ಕೇಕಿನ ಮೇಲೆ ಐದನೆಯ ಹೆಸರಿಗೆ ಜಾಗವಿತ್ತು.

ಹಳ್ಳಿಯ ಹಿರಿಯರ ಮನೆ

ಅಲ್ಲಿ ಪ್ರತಿ ಹಳ್ಳಿಗೂ ಸರ್ಕಾರ ಹಿರಿಯರಿಗೆಂದೇ ಒಂದು ಮನೆ ಕಟ್ಟಿಕೊಟ್ಟಿದೆ. ನಮ್ಮ ಹಳ್ಳಿಯ ಕಟ್ಟೆಗೆ ಗೋಡೆ, ಸೂರು, ಅಡುಗೆಮನೆ ಹಾಕಿದರೆ ಹೇಗೋ ಹಾಗೆ. ನೆಲದ ಕೆಳಗೆ ಬಿಸಿನೀರಿನ ಕೊಳವೆ. ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟರೆ ಅಂಗಾಲು ಬೆಚ್ಚಗಾಗುತ್ತದೆ. ಹೊರಗೆ ಚಪ್ಪಲಿಗಳ ಪಕ್ಕ ಒಂಬತ್ತು ಮಕ್ಕಳ ತಳ್ಳುಗಾಡಿಗಳು ನಿಂತಿದ್ದವು. ಇಷ್ಟು ಕೂಸುಗಳಿವೆಯೇ ಎಂದು ಸಂತೋಷದಿಂದ ಒಳಗೆ ಹೋದೆ. ಒಂದೂ ಕೂಸು ಇರಲಿಲ್ಲ. ಗಾಡಿಗಳು ಅಜ್ಜಿಯರವು. ಮೊಮ್ಮಕ್ಕಳು ಬೆಳೆದು ಹೋದ ಮೇಲೆ ಖಾಲಿ ಗಾಡಿಯನ್ನು ಊರುಗೋಲಿನ ಬದಲು ತಳ್ಳಿಕೊಂಡು ಓಡಾಡುತ್ತಾರೆ. ಆ ಹಳ್ಳಿಯಲ್ಲಿ ಹನ್ನೊಂದು ವರ್ಷದಿಂದ ಮಗು ಹುಟ್ಟಿಲ್ಲ ಎಂದರು.

ಎಂಟು ಹತ್ತು ಅಜ್ಜಿಯರು ಕೂತು ಇಸ್ಪೀಟಿನಂಥ ಎಲೆ ಆಡುತ್ತಿದ್ದರು. ಅಡುಗೆ ಮಾಡುತ್ತಿದ್ದವಳಿಗೆ ಎಪ್ಪತ್ತೆರಡು. ಅವಳೇ ಎಲ್ಲರಿಗಿಂತ ಕಿರಿಯಳು, ಆದ್ದರಿಂದ ಅಡುಗೆ ಅವಳ ಪಾಲಿನದು. ಕಿರಿಯರು ಇನ್ನೊಬ್ಬರು ಬರುವ ತನಕ ಅವಳಿಗೆ ಬಿಡುಗಡೆಯಿಲ್ಲ, ಬರುವವರು ಯಾರೂ ಇಲ್ಲ. ಅವಳು ಸೌಟು ತೋರಿಸಿ ಏನೋ ಅಂದಳು, ಎಲ್ಲರೂ ಬಿದ್ದುಬಿದ್ದು ನಕ್ಕರು. ಇವರೆಲ್ಲ ನೂರು ವರ್ಷ ಬದುಕುವ ಹಟ ಮಾಡಿರುವುದು ನನ್ನ ಕೈಯಡುಗೆ ತಿನ್ನುವುದಕ್ಕೇ ಎಂದಳಂತೆ.

ಅವರಲ್ಲಿ ಸುನ್‌ಜಾ ಎಂಬ ಅಜ್ಜಿ ನಮ್ಮನ್ನು ತಮ್ಮ ಮನೆಗೆ ಕರೆದೊಯ್ದರು. ಗಂಡ ಇಲ್ಲ, ಮಗಳು ಪೂಸಾನ್ ನಗರದಲ್ಲಿ. ಗುನ್ ಕಚೇರಿ ಅವರಿಗೊಂದು ಗೊಂಬೆ ಕೊಟ್ಟಿದೆ, ಏಳು ವರ್ಷದ ಹುಡುಗಿಯಷ್ಟು ದೊಡ್ಡದು. ನಾವು ಕೂತ ಕೂಡಲೇ ಅದು ಬಾಯಿಬಿಟ್ಟು ಮಾತಾಡಿತು. ಶಿವಮೂರ್ತಪ್ಪನವರು ಬೆಚ್ಚಿ ಎದ್ದು ನಿಂತರು. ಅಜ್ಜಿ ಮಾತ್ರೆ ತಗೋ, ಅಜ್ಜಿ ನನ್ನ ಕೈ ಹಿಡಿ ಎಂದು ಅದು ದಿನಕ್ಕೆ ಹಲವು ಸಲ ಹೇಳುತ್ತದೆ. ಇಡೀ ದಿನ ಅಜ್ಜಿ ಅದರ ಕೈ ಹಿಡಿಯದಿದ್ದರೆ ಕಚೇರಿಗೆ ಸುದ್ದಿ ಹೋಗುತ್ತದೆ, ಅಲ್ಲಿಂದ ಜನ ಬರುತ್ತಾರೆ. ಸುನ್‌ಜಾ ಅದಕ್ಕೆ ಹಳೆಯ ಸ್ವೆಟರ್ ತೊಡಿಸಿದ್ದರು. ತಲೆ ಬಾಚಿದ್ದರು. ಇದರ ಜೊತೆ ಜಗಳವಾಡಲು ಬರುವುದಿಲ್ಲ, ಅದೊಂದೇ ಬೇಸರ ಎಂದರು.

ಅವರ ವಯಸ್ಸು ಎಂಬತ್ತೊಂದು, ಕಾಗದದಲ್ಲಿ ಎಪ್ಪತ್ತೊಂಬತ್ತು. ಆಗ ಕೂಸುಗಳು ಬಹಳ ಸಾಯುತ್ತಿದ್ದವು. ಉಳಿಯುತ್ತದೋ ಇಲ್ಲವೋ ನೋಡೋಣ ಎಂದು ಅವರಪ್ಪ ಎರಡು ವರ್ಷ ತಡೆದು ಹೆಸರು ಬರೆಸಿದರಂತೆ. ನಾನು ಟಿಪ್ಪಣಿ ಪುಸ್ತಕ ಮುಚ್ಚಿದೆ. ಇಲ್ಲಿಯೂ ಮನೆಯ ವಯಸ್ಸು ಒಂದು, ಕಾಗದದ ವಯಸ್ಸು ಒಂದು. ಆದರೆ ಸುನ್‌ಜಾ ಕಳೆದುಕೊಂಡದ್ದು ಎರಡು ವರ್ಷ.

ಶಾಲೆ

ಸುನ್‌ಜಾ ಎರಡನೆಯ ತರಗತಿಯಲ್ಲಿ ಓದುತ್ತಿದ್ದಾರೆ. ತಮಾಷೆಯಲ್ಲ. ಮಕ್ಕಳಿಲ್ಲದೆ ಹಳ್ಳಿಯ ಪ್ರಾಥಮಿಕ ಶಾಲೆ ಮುಚ್ಚುವುದರಲ್ಲಿತ್ತು. ಶಾಲೆ ಮುಚ್ಚಿದರೆ ಶಾಲೆಯ ಬಸ್ಸು ನಿಲ್ಲುತ್ತದೆ, ಬಸ್ಸು ನಿಂತರೆ ಅಂಗಡಿ. ಹೆಣ್ಣುಮಕ್ಕಳೆಂದು ಚಿಕ್ಕಂದಿನಲ್ಲಿ ಓದಿಸದೆ ಬಿಟ್ಟ ನಾಲ್ವರು ಅಜ್ಜಿಯರು ಹೋಗಿ ಹೆಸರು ಹಚ್ಚಿದರು. ಈಗ ಶಾಲೆಯಲ್ಲಿ ಆರು ಮಂದಿ: ನಾಲ್ವರು ಅಜ್ಜಿಯರು, ಇಬ್ಬರು ಮಕ್ಕಳು. ಚೀಲದಲ್ಲಿ ಪೆನ್ಸಿಲ್ ಡಬ್ಬಿ, ಮಂಡಿನೋವಿನ ಎಣ್ಣೆ.

ಹಾಜರಿ ಪುಸ್ತಕ ನೋಡಲು ಕೇಳಿದೆ. ಸುನ್‌ಜಾರ ಹೆಸರು ಮೂರನೆಯದು. ನಮ್ಮೂರಿನ ಶಾಲೆಯಲ್ಲಿ ಇಪ್ಪತ್ತಮೂರು ವರ್ಷ ದಿನಾ ಬಂದು ಹೋದ ಹೆಂಗಸಿನ ಹೆಸರು ಆ ಶಾಲೆಯ ದಾಖಲಾತಿ ಪುಸ್ತಕದಲ್ಲಿಲ್ಲ. ಚಿಕ್ಕಂದಿನಲ್ಲಿ ಅವಳನ್ನು ಸೇರಿಸಿದ್ದರೆ ಅದೇ ಹುಟ್ಟಿದ ವರ್ಷಕ್ಕೆ ಒಂದು ಆಧಾರವಾಗುತ್ತಿತ್ತು.

ಊಟದ ಹೊತ್ತಿಗೆ ಅಡುಗೆಮನೆಗೆ ಇಣುಕಿದೆ. ನೆಲದಲ್ಲಿ ನೀರು ಇಳಿದು ಹೋಗುವ ಕಬ್ಬಿಣದ ಜಾಲರಿ. ಅಡುಗೆಯವರ ಕಾಲಲ್ಲಿ ಮೊಳಕಾಲುದ್ದದ ರಬ್ಬರ್ ಬೂಟು. ಗಂಜಿ ಚೆಲ್ಲಿದರೂ ಕಾಲು ಜಾರುವುದಿಲ್ಲ. ಬೂಟಿನ ಅಡಿಯನ್ನು ತೋರಿಸಿ ಎಂದು ಕೇಳಿದಾಗ ಆ ಹೆಂಗಸು ಗಾಬರಿಯಾದಳು. ಮಿಂಜಿ ಏನೋ ಹೇಳಿ ಸಮಾಧಾನ ಮಾಡಿದಳು. ಎಷ್ಟೋ ಸಲ ನಾನು ನಮ್ಮ ಶಾಲೆಗಳ ಬಿಸಿಯೂಟದ ಬಗ್ಗೆ ವರದಿ ಬರೆದಿದ್ದೇನೆ. ಬೇಳೆಯ ಗುಣಮಟ್ಟ ಬರೆದಿದ್ದೇನೆ, ಹುಳದ ಅಕ್ಕಿ ಬರೆದಿದ್ದೇನೆ. ಅಡುಗೆಯವಳ ಕಾಲಲ್ಲಿ ಏನಿದೆ ಎಂದು ಒಮ್ಮೆಯೂ ನೋಡಿರಲಿಲ್ಲ.

ಆರೋಗ್ಯ ಕೇಂದ್ರ

ನನ್ನ ಹೆಂಡತಿ ಸೂಟ್‌ಕೇಸಿನ ತಳಕ್ಕೆ ರಟ್ಟು ಹಾಕುವ ಅಭ್ಯಾಸದವಳು. ಈ ಸಲ ರಟ್ಟು ಸಿಗದೆ ಸಣ್ಣವ್ವನ ಎಕ್ಸ್‌-ರೇ ಲಕೋಟೆಯನ್ನೇ ಹಾಸಿದ್ದಳು. ಅಂಗಿ ತೆಗೆಯುವಾಗ ಸಿಕ್ಕಿತ್ತು. ಕಳೆದುಹೋದರೆ ಎಂದು ಕೈಚೀಲಕ್ಕೆ ಹಾಕಿಕೊಂಡೆ.

ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಹಿರಿಯರ ಆರೈಕೆಯನ್ನು ನೋಡಿಕೊಳ್ಳುವ ನರ್ಸ್ ತಮ್ಮ ಕೆಲಸ ವಿವರಿಸಿದರು. ಅರ್ಜಿ ಬಂದರೆ ಪರೀಕ್ಷೆ ಮಾಡುವವರೇ ಮನೆಗೆ ಹೋಗುತ್ತಾರೆ. ಹಾಸಿಗೆಯಿಂದ ಏಳಬಲ್ಲಿರಾ, ಬಟ್ಟೆ ತೊಡಬಲ್ಲಿರಾ, ಇದು ಯಾವ ತಿಂಗಳು ಎಂದು ಕೇಳಿ, ಕೈಕಾಲು ಎತ್ತಿಸಿ ನೋಡಿ, ಎಷ್ಟು ನೆರವು ಬೇಕು ಎಂದು ತೀರ್ಮಾನಿಸುತ್ತಾರೆ. ಅರವತ್ತೈದಕ್ಕಿಂತ ಚಿಕ್ಕವರಾದರೂ ಮುಪ್ಪಿನ ಕಾಯಿಲೆ ಇದ್ದರೆ ಆಗುತ್ತದೆ. ಮೇಲಿನಿಂದ ನೋಡಿದರೆ ಸರಳ. ಆದರೆ ಕೆಲಸಕ್ಕೆ ಜನವಿಲ್ಲ ಎಂದರು. ಅವರ ಕೈಕೆಳಗೆ ಮನೆಮನೆಗೆ ಹೋಗುವ ಆರೈಕೆಯವರಲ್ಲಿ ಹೆಚ್ಚಿನವರು ತಾವೇ ಅರವತ್ತು ದಾಟಿದವರು. "ಹತ್ತು ವರ್ಷ ಬಿಟ್ಟು ಬನ್ನಿ. ಯೋಜನೆ ಇರುತ್ತದೆ, ಕಟ್ಟಡ ಇರುತ್ತದೆ. ಎಬ್ಬಿಸುವವರೂ ಇರುವುದಿಲ್ಲ, ಎದ್ದೇಳುವವರೂ ಇರುವುದಿಲ್ಲ" ಎಂದು ಮಿಂಜಿಯ ಬಾಯಿಂದ ಕೇಳಿದೆವು.

ನಾನು ಎಕ್ಸ್‌-ರೇ ತೆಗೆದು ಕೊಟ್ಟೆ. ಅವರು ಕಿಟಕಿಯ ಬೆಳಕಿಗೆ ಹಿಡಿದರು. ಮೂಲೆಯಲ್ಲಿ ಇಂಗ್ಲಿಷಿನಲ್ಲಿ ಹೆಸರು, ಐವತ್ತೇಳು ಎಂಬ ಅಂಕಿ. ನರ್ಸ್ ಅಂಕಿಯನ್ನು ನೋಡಿದರು, ಮೂಳೆಯನ್ನು ನೋಡಿದರು. ಬೇರೆಯವರ ಫಿಲ್ಮ್ ತಂದಿದ್ದೀರಿ ಎಂದರು. ಇಲ್ಲ, ಅವಳದೇ ಎಂದೆ. "ಈ ಮೂಳೆಗೆ ಐವತ್ತೇಳು ಅಲ್ಲ. ಎಪ್ಪತ್ತು ದಾಟಿದೆ."

ನಮ್ಮ ನಾಡಿನ ಯಾವ ಕಚೇರಿಯೂ ಹೇಳದಿದ್ದುದನ್ನು ಪರದೇಶದ ಹೆಂಗಸು ಕಿಟಕಿಯ ಬಳಿ ನಿಂತು ಹೇಳಿದಳು. ಅದಕ್ಕೆ ಶಿವಮೂರ್ತಪ್ಪನವರು ಸಾಕ್ಷಿ.

ಬಸ್ಸಿನಲ್ಲಿ

ಸೋಲ್‌ಗೆ ಮರಳುವ ಬಸ್ಸಿನಲ್ಲಿ ಶಿವಮೂರ್ತಪ್ಪನವರ ಪಕ್ಕ ಕೂತೆ. ಮೂವತ್ತು ವರ್ಷದಲ್ಲಿ ಯಾವ ಅಧಿಕಾರಿಯ ಹತ್ತಿರವೂ ಸ್ವಂತ ಕೆಲಸ ಕೇಳಿದವನಲ್ಲ. ಅಂದು ಕೇಳಿದೆ. ಕೇಳಬೇಕಾದರೆ ಮೊದಲು ಒಪ್ಪಿಕೊಳ್ಳಬೇಕಿತ್ತು.

ಬಿಸಿಯೂಟ ಶುರುವಾದ ವರ್ಷ ಅಡುಗೆಯವರ ಅರ್ಜಿಗಳನ್ನು ಶಾಲೆಯ ಜಗಲಿಯ ಮೇಲೆ ಕೂತು ತುಂಬಿದವನು ನಾನೇ. ನಲವತ್ತರ ಒಳಗಿನವರನ್ನೇ ತೆಗೆದುಕೊಳ್ಳುತ್ತಾರೆ ಎಂದು ಪಂಚಾಯಿತಿಯಲ್ಲಿ ಯಾರೋ ಹೇಳಿದ್ದರು. ನಿಜವೇ ಎಂದು ನಾನು ವಿಚಾರಿಸಲಿಲ್ಲ. ಸಣ್ಣವ್ವನಿಗೆ ಆಗ ಐವತ್ತು. ಗಂಡ ಯಾವತ್ತೋ ಊರು ಬಿಟ್ಟು ಹೋಗಿದ್ದ; ಸತ್ತನೆಂಬ ಕಾಗದವೂ ಇಲ್ಲ, ಬದುಕಿದ್ದಾನೆಂಬ ಸುದ್ದಿಯೂ ಇಲ್ಲ. ಕೆಲಸ ಬೇಕೇ ಬೇಕಿತ್ತು. ಎಷ್ಟು ಬರೀಲಿ ಎಂದೆ. ನೀನು ಓದಿದಾವ, ನಿನಗೆ ತಿಳಿದಂಗ ಬರಿ ಎಂದಳು. ಮೂವತ್ತೈದು ಎಂದು ಬರೆದೆ. ತಾರೀಖು ನನ್ನದನ್ನೇ ಹಾಕಿದೆ. ಆಮೇಲೆ ಹಳೆಯ ಮತದಾರರ ಚೀಟಿಯಲ್ಲಿ ಬೇರೆ ವಯಸ್ಸಿದೆ ಎಂದು ಗೊತ್ತಾದಾಗ ಅದನ್ನೂ ಇದಕ್ಕೆ ಸರಿಯಾಗಿ ತಿದ್ದಿಸಿದೆ. ಪಡಿತರ ಚೀಟಿ ಅದರಿಂದ, ಆಧಾರ್ ಇದರಿಂದ. ಒಂದು ಕಾಗದಕ್ಕೆ ಇನ್ನೊಂದು ಹುಟ್ಟಿತು. ಅಪಘಾತದಲ್ಲಿ ಸತ್ತವರ ಹೆಸರಿನ ಮುಂದೆ ಕಂಸದಲ್ಲಿ ಹಾಕುವ ವಯಸ್ಸನ್ನು ಎರಡು ಕಡೆ ವಿಚಾರಿಸದೆ ಅಚ್ಚಿಗೆ ಕಳಿಸಿದವನಲ್ಲ ನಾನು.

ಶಿವಮೂರ್ತಪ್ಪನವರು ಕಿಟಕಿಯಾಚೆ ನೋಡುತ್ತ ಕೇಳಿಸಿಕೊಂಡರು. ಕೆಟ್ಟ ಮನುಷ್ಯರಲ್ಲ. ವಯಸ್ಸು ತಿದ್ದಿಸಲು ಶಾಲೆಯ ದಾಖಲೆ ಬೇಕು, ಇಲ್ಲವೇ ಅವಳೇ ಹೊಸಪೇಟೆಗೆ ಬಂದು ವೈದ್ಯರ ಮುಂದೆ ಹಾಜರಾಗಬೇಕು ಎಂದರು. ಆಂಬುಲೆನ್ಸ್ ಮಾಡಿಸಿ ಕರೆತರುತ್ತೇನೆ ಎಂದೆ. ಅವರು ಕೇಳಿದರು:

"ಎಪ್ಪತ್ಮೂರು ಅಂತ ಆಯ್ತು ಅಂತಿಟ್ಕಳ್ರಿ. ಬಿಸಿಯೂಟದೋರಿಗೆ ಅರವತ್ತಕ್ಕೆ ಮುಗೀತು. ಹಂಗಾರೆ ನಿಮ್ಮ ಸಣ್ಣವ್ವ ಹದಿಮೂರು ವರ್ಷ ಯಾವ ಲೆಕ್ಕದಾಗೆ ಅಡುಗೆ ಮಾಡಿದ್ರು?"

ನಾನು ಲಕೋಟೆಯನ್ನು ಕೈಚೀಲದೊಳಗೆ ತಳ್ಳಿದೆ.

"ಹದಿಮೂರು ವರ್ಷದ ಗೌರವಧನ ವಾಪಸ್ ಕಟ್ಟು ಅಂತ ನೋಟಿಸ್ ಬರತ್ತೆ. ಹಾಸಿಗೆ ಮ್ಯಾಲಿದ್ದೋರಿಗೆ. ಅದಕ್ಕೆ ಸಹಿ ಹಾಕೋನೂ ನಾನೇ." ನನ್ನ ಕಡೆ ತಿರುಗಿ, "ಐವತ್ತೆಂಟು ಇರ್ಲಿ ಬಿಡ್ರಿ. ಎರಡು ವರ್ಷಕ್ಕೆ ತಾನಾಗೇ ಅರವತ್ತಾಗತ್ತೆ" ಎಂದರು.

ಕೊರಿಯಾದವರಂತೆ ಮನೆಗೇ ಹೋಗಿ ನೋಡಿ ತೀರ್ಮಾನಿಸುವ ಅವಕಾಶ ಇರಲಿ, ಅರವತ್ತರ ಒಳಗಿನವರಿಗೂ ವೈದ್ಯರ ಮಾತಿನ ಮೇಲೆ ಕೊಡಲಿ ಎಂದು ವರದಿಯಲ್ಲಿ ಒಂದು ಪ್ಯಾರಾ ಬರೆಯುತ್ತೇನೆ ಎಂದೆ. ಬರೀರಿ, ನಿಮ್ಮ ಕೆಲಸ ನೀವು ಮಾಡ್ರಿ ಎಂದರು. ಆಮೇಲೆ ಕಣ್ಣು ಮುಚ್ಚಿಕೊಂಡರು. ನಿದ್ದೆ ಬಂದಿರಲಿಲ್ಲ.

ಸೋಲ್

ಹೋಟೆಲಿನ ಹಿಂದಿನ ಏರಿನಲ್ಲಿ ಒಬ್ಬ ಮುದುಕ ತನಗಿಂತ ಎತ್ತರಕ್ಕೆ ರಟ್ಟು ಪೇರಿಸಿದ ಕೈಗಾಡಿಯನ್ನು ಎಳೆಯುತ್ತಿದ್ದ. ಗುಜರಿಗೆ ಹಾಕಿದರೆ ಒಂದು ಊಟವಾಗುತ್ತದೆ ಎಂದಳು ಮಿಂಜಿ. ಇಂಥವರು ಊರ ತುಂಬ ಇದ್ದಾರಂತೆ. ನಾನು ಹಿಂದಿನಿಂದ ಕೈ ಹಾಕಿ ತಳ್ಳಿದೆ. ಗಾಡಿ ಹಗುರಾದದ್ದಕ್ಕೆ ಆತ ಹೆದರಿ ತಿರುಗಿ ನೋಡಿದ, ಕಳ್ಳನೆಂದುಕೊಂಡಿರಬೇಕು. ಇಷ್ಟು ಯೋಜನೆ ಮಾಡಿದ ದೇಶದಲ್ಲಿ ಇದು ಹೇಗೆ ಎಂದು ಕೇಳಿದೆ. ಅವರಲ್ಲೂ ಒಬ್ಬೊಬ್ಬರ ಕಾಗದದಲ್ಲಿ ಒಂದೊಂದು ಅಡ್ಡಿ ಇರುತ್ತದೆ, ಮಗ ಇದ್ದಾನೆ ಎಂದೋ ಮನೆ ಇದೆ ಎಂದೋ ಎಂದಳು. ಅದನ್ನು ವರದಿಗೆ ಬರೆದುಕೊಂಡೆ.

ವಿಮಾನ ನಿಲ್ದಾಣದಲ್ಲಿ ನನ್ನ ಸಾಮಾನಿಗೆ ಒಂದು ಕೂಡಿತ್ತು. ಹಳ್ಳಿ ಬಿಡುವ ದಿನ ಸುನ್‌ಜಾ ತಮ್ಮ ಹಳೆಯ ತಳ್ಳುಗಾಡಿಯನ್ನು ನನಗೆ ಕೊಟ್ಟಿದ್ದರು. ಅವರಿಗೆ ಗುನ್ ಕಚೇರಿ ಬ್ರೇಕ್ ಇರುವ ಹೊಸದನ್ನು ಕೊಟ್ಟಿತ್ತು. ಎಕ್ಸ್‌-ರೇಯ ವಿಷಯ ಮಿಂಜಿಯಿಂದ ಕೇಳಿ, ನಿನ್ನ ಸಣ್ಣವ್ವ ನನ್ನ ತಂಗಿಯಷ್ಟು ಆದಳು, ಇದನ್ನು ಹಿಡಿದರೆ ಬೀಳುವ ಹೆದರಿಕೆ ಹೋಗುತ್ತದೆ ಎಂದರಂತೆ. ಕೌಂಟರಿನ ಹುಡುಗಿ ಗಾಡಿಗೆ ಚೀಟಿ ಕಟ್ಟುತ್ತ ಕೂಸು ಎಲ್ಲಿ ಎಂದು ಕೇಳಿದಳು. ಮನೆಯಲ್ಲಿ ಎಂದೆ. ವಯಸ್ಸೆಷ್ಟು ಎಂದಳು. ಹಿಂದೆ ನಿಂತಿದ್ದ ಶಿವಮೂರ್ತಪ್ಪನವರೂ ಈ ಸಲ ನಗಲಿಲ್ಲ.

ಕೊಟ್ಟೂರು

ಊರಿಗೆ ಬಂದು ಹದಿನೈದು ದಿನದಲ್ಲಿ ವರದಿ ಕೊಟ್ಟೆ. ಜುಲೈ ಕೊನೆಗೆ ಶಿವಮೂರ್ತಪ್ಪನವರೇ ಫೋನ್ ಮಾಡಿದರು. ವರದಿ ಚೆನ್ನಾಗಿದೆ, ಮೇಲಿನವರು ಮೆಚ್ಚಿದ್ದಾರೆ ಎಂದರು. ಬಿಸಿ ನೆಲದ ಹಿರಿಯರ ಮನೆಯ ಬಗ್ಗೆ ವಿಶೇಷವಾಗಿ ಕೇಳಿದರಂತೆ. ನಮ್ಮ ಕಡೆ ನೆಲ ಬಿಸಿ ಮಾಡುವ ಅಗತ್ಯವಿಲ್ಲ ಎಂದು ಯಾರೋ ನೆನಪಿಸಿದರಂತೆ. ನಂತರ ದನಿ ತಗ್ಗಿಸಿ ನನ್ನ ಆ ಒಂದು ಪ್ಯಾರಾ ತೆಗೆದಿರುವುದಾಗಿ ಹೇಳಿದರು.

"ಕಾಗದದ ವಯಸ್ಸು ನಂಬಬ್ಯಾಡ್ರಿ ಅಂತ ನಾವೇ ಬರ್ಕೊಟ್ರೆ, ಐದು ತಾಲ್ಲೂಕಿನ ಪಟ್ಟಿನೇ ಸುಳ್ಳು ಅಂದಂಗಾಗ್ತತಿ ಅಲ್ರಿ. ನನ್ನ ಸರ್ವಿಸ್ ರಿಜಿಸ್ಟರೂ ಸೇರಿ."

ಹಳ್ಳಿಗಳಿಂದ ಸುದ್ದಿ ಬರೆದು ಕಳಿಸುವವರ ಪ್ಯಾರಾಗಳನ್ನು ಮೂವತ್ತು ವರ್ಷ ತೆಗೆದವನು ನಾನು. ಆಯಿತು ಸರ್ ಎಂದೆ. ಪಟ್ಟಿ ಆಗಲೇ ಮುಗಿದು ಪಂಚಾಯಿತಿಗೆ ಬಂದಿತ್ತು. ನಮ್ಮೂರಿನ ಹೆಸರುಗಳನ್ನು ಓದಿದೆ. ಸಣ್ಣವ್ವನಿಗಿಂತ ಹತ್ತು ವರ್ಷ ಚಿಕ್ಕವಳಾದ ಪಕ್ಕದ ಮನೆಯ ಈರವ್ವ ಅದರಲ್ಲಿದ್ದಳು. ಅವಳ ಅರ್ಜಿಯನ್ನು ನಾನು ತುಂಬಿರಲಿಲ್ಲ.

ಅಂದು ಮಧ್ಯಾಹ್ನ ಶಾಲೆಯ ಮುಖ್ಯ ಶಿಕ್ಷಕರು ಮನೆಗೆ ಬಂದಿದ್ದರು. ಬದಲಿಗೆ ಬಂದವಳ ಸಾರಿಗೆ ಮಕ್ಕಳು ಮೂಗು ಮುರಿಯುತ್ತಾರೆ, ನಿಮಗೆ ಇನ್ನೂ ಎರಡು ವರ್ಷ ಸರ್ವಿಸ್ ಇದೆಯಲ್ಲ, ಬೇಗ ಎದ್ದು ಬರ್ರಿ ಎಂದು ಹೇಳಿ ಹೋದರು. ಒಳ್ಳೆಯ ಮಾತೆಂದೇ ಹೇಳಿದ್ದು. ಅವರು ಹೋದ ಮೇಲೆ ಸಣ್ಣವ್ವ ನನ್ನನ್ನು ಕರೆದಳು. ಗೋಡೆಯ ಮೇಲಿನ ಬುದ್ಧನ ಪಟದ ಕೆಳಗೆ ಸುನ್‌ಜಾರ ಗಾಡಿ ನಿಂತಿತ್ತು. ತಂದ ದಿನ ಅದನ್ನು ಮಂಚದ ಹತ್ತಿರ ತಂದು ಹಿಡಿದುಕೋ ಎಂದಿದ್ದೆವು. ಚಕ್ರ ಸರಿಯಿತು, ಅವಳು ಕೂಗಿದಳು. ಆಮೇಲೆ ಯಾರೂ ಮುಟ್ಟಿರಲಿಲ್ಲ. ಡಾಕ್ಟರು ಹೇಳಿದ ಆರು ತಿಂಗಳಿಗೆ ಒಂದೂವರೆ ತಿಂಗಳು ಉಳಿದಿತ್ತು.

ಪಟ್ಟಿಯ ವಿಷಯ ಅವಳಿಗೆ ಹೇಳಿರಲಿಲ್ಲ. ಅವಳಿಗೆ ಗೊತ್ತಿತ್ತು. ಈರವ್ವನ ಮನೆಗೆ ಯೋಜನೆಯ ಬಿಳಿ ಕೋಟಿನ ಹುಡುಗಿ ಬಂದು ಹೋದದ್ದನ್ನು ಮಂಚದಿಂದಲೇ ಬಾಗಿಲಾಚೆ ನೋಡಿದ್ದಳು.

"ಆ ಊರಾಗಿನ ಮುದುಕಿಗೆ ಎಷ್ಟಂದಿ?" ಎಂದಳು.

ಎಂಬತ್ತೊಂದು ಎಂದೆ.

"ನನಗ?"

ಅವಳೇ ಬೆರಳು ಮಡಿಸಿದಳು. ನಿಮ್ಮವ್ವ ಬದುಕಿದ್ದರೆ ಎಪ್ಪತ್ತಾರು, ಅದರಲ್ಲಿ ಮೂರು ಕಳಿ ಎಂದಳು. ನಂತರ ಕೈ ಬಿಚ್ಚಿ ಹೊದಿಕೆಯ ಮೇಲಿಟ್ಟುಕೊಂಡಳು.

"ಬರದಾವ ನೀನಾ ಆದ್ರೂ ಬರಿ ಅಂದಾಕಿ ನಾನಾ. ಅರವತ್ತಕ್ಕ ಬಿಡೋದಿತ್ತು, ಹದಿಮೂರು ವರ್ಷ ಜಾಸ್ತಿ ಉಂಡೀವಿ ತಗಾ."

ಅವಳು ಗಾಡಿಯ ಕಡೆ ಗಲ್ಲ ತಿರುಗಿಸಿ ತೋರಿಸಿದಳು.

"ಅದು ಸುಮ್ನ ನಿಂತು ತುಕ್ಕು ಹಿಡೀತತಿ. ಈರವ್ವನ ಮೊಮ್ಮಗಳ ಕೂಸಿಗೆ ಕೊಟ್ಟು ಬಾ. ಎರಡು ವರ್ಷಕ್ಕ ಅದು ನಡಿಯೋದು ಕಲತು ಗಾಡಿ ಬಿಡತೈತಿ. ಅಷ್ಟೊತ್ತಿಗೆ ನಾನೂ ಮುದುಕಿ ಆಗಿರ್ತೀನಿ. ಆವಾಗ ಇಸ್ಕೊಂಡು ಬಾ."

ಗಾಡಿಯನ್ನು ತಳ್ಳಿಕೊಂಡು ಓಣಿಗೆ ಇಳಿದೆ. ಕಟ್ಟೆಯ ಮೇಲೆ ಕೂತವರು ಯಾರ ಕೂಸಿಗೆ ಎಂದು ಕೇಳಿದರು. ಈರವ್ವನ ಮನೆಯದಕ್ಕೆ ಎಂದು ಹೇಳಿ ಮುಂದೆ ಹೋದೆ.